ಜತ್ತದಲ್ಲಿ ಸರಿ, ನಿಪ್ಪಾಣಿಯಲ್ಲಿ ತಪ್ಪು

ಅಥಣಿ-ಕಾಗವಾಡ ಸೀಮೆಯ ಅನಂತಪುರದಿಂದ ಆಚೆ ಹೊರಟರೆ ಸ್ವಲ್ಪ ಹೊತ್ತಿಗೆ ರಾಜ್ಯ ಬದಲಾಗುತ್ತದೆ, ಬೇರೇನೂ ಬದಲಾಗುವುದಿಲ್ಲ. ಅದೇ ಜೋಳದ ಹೊಲ, ಬೇಸಿಗೆಯಲ್ಲಿ ಅದೇ ನೀರಿನ ಟ್ಯಾಂಕರಿನ ದಾರಿ ಕಾಯುವುದು, ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಅದೇ ಕನ್ನಡ. ಬೋರ್ಡು ಮಾತ್ರ ಮರಾಠಿಯದು, ಊರು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನದು. ಪಡುವಣಕ್ಕೆ ತಿರುಗಿ ರಾಯಬಾಗ, ಚಿಕ್ಕೋಡಿ ದಾಟಿ ನಿಪ್ಪಾಣಿ ಮುಟ್ಟಿದರೆ ಎಲ್ಲವೂ ತಿರುಗುಮುರುಗು. ಅಲ್ಲಿ ಬೋರ್ಡು ಕನ್ನಡದ್ದು, ಪೇಟೆಯ ಮಾತು ಹೆಚ್ಚಾಗಿ ಮರಾಠಿಯದು. ಜತ್ತದ ವಿಷಯ ಬಂದಾಗ ಜನರ ಭಾಷೆ ನೋಡಿ, ಜನರ ಇಚ್ಛೆ ಕೇಳಿ ಎಂದು ಬೆಂಗಳೂರು ಹೇಳುತ್ತದೆ. ಗಡಿ ಎಂದೋ ತೀರ್ಮಾನವಾಗಿದೆ, ಒಂದು ಊರನ್ನೂ ಬಿಡುವುದಿಲ್ಲ ಎಂದು ಮುಂಬೈ ಹೇಳುತ್ತದೆ. ನಿಪ್ಪಾಣಿಯ ವಿಷಯ ಬಂದಾಗ ಇವೇ ಎರಡು ಮಾತು ಬಾಯಿ ಬದಲಿಸಿಕೊಳ್ಳುತ್ತವೆ. ಸೋಜಿಗವೆಂದರೆ ಎರಡು ಕಡೆಯವರೂ ಸುಳ್ಳಾಡುತ್ತಿಲ್ಲ. ತಾವು ಸರಿ ಎಂದು ಇಬ್ಬರೂ ಮನಸಾರೆ ನಂಬಿದ್ದಾರೆ, ಆ ನಂಬಿಕೆಗಾಗಿ ಲಾಠಿ ಏಟು ತಿಂದವರು, ಜೈಲಿಗೆ ಹೋದವರು, ಜೀವ ಬಿಟ್ಟವರು ಎರಡೂ ಕಡೆ ಇದ್ದಾರೆ. ಹಾಗಾದರೆ ಒಬ್ಬ ಮನುಷ್ಯ, ಅಥವಾ ಒಂದು ರಾಜ್ಯ, ತಾನು ಸರಿ ಎಂದು ಹೇಳಿಕೊಳ್ಳುವುದಕ್ಕೆ ನಂಬಿಕೆಯ ಆಚೆಗೆ ಇನ್ನೇನಾದರೂ ಬೇಕೋ ಬೇಡವೋ? ಬೇಕು ಎನ್ನುವುದು ನನ್ನ ವಾದ. ಯಾವ ನಿಯಮ ಹಿಡಿದು ನಾನು ಗೆದ್ದೆನೋ ಅದೇ ನಿಯಮದಿಂದ ಸೋಲುವ ಪ್ರಸಂಗ ಬಂದಾಗಲೂ ಅದನ್ನು ಕೈಬಿಡಬಾರದು. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡವನ ಲೆಕ್ಕ ಎಷ್ಟೇ ಚೊಕ್ಕಟವಾಗಿದ್ದರೂ ಅದು ವ್ಯಾಪಾರವಲ್ಲ.

ಇದನ್ನು ಪರೀಕ್ಷಿಸಲು ಈ ಗಡಿಯಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ, ಯಾಕೆಂದರೆ ಇಲ್ಲಿ ಎಲ್ಲವೂ ಕಾಗದದ ಮೇಲಿದೆ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಾಗ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಲಿ ಎಂದಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಆ ವರದಿ ನಮಗೆ ಬೆಳಗಾವಿಯಲ್ಲಿ ಪ್ರಮಾಣ. ಆದರೆ ಅದೇ ವರದಿ ಕಾಸರಗೋಡನ್ನು ಕೇರಳಕ್ಕೆ ಕೊಡಿ ಎಂದಿತ್ತು, ಅಲ್ಲಿ ಅದು ನಮಗೆ ಘೋರ ಅನ್ಯಾಯ. ತುಂಗಭದ್ರಾ ಅಣೆಕಟ್ಟಿನ ಸಹಿತ ಬಳ್ಳಾರಿ ಜಿಲ್ಲೆಯ ಒಂದು ಭಾಗ ಆಂಧ್ರಕ್ಕೆ ಹೋಗಲಿ ಎಂದಿದ್ದೂ ಅದೇ ವರದಿ. ಅದನ್ನು ನಾವು ಜಗ್ಗದೆ ವಿರೋಧಿಸಿದೆವು, ಬಳ್ಳಾರಿ ನಮ್ಮಲ್ಲೇ ಉಳಿಯಿತು. ಮಹಾರಾಷ್ಟ್ರದವರ ಕೈಯೂ ಶುದ್ಧವಲ್ಲ. ದ್ವಿಭಾಷಾ ಮುಂಬೈ ರಾಜ್ಯದ ಕಲ್ಪನೆಯನ್ನು ಅವರು ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಹೋರಾಡಿ ಮುರಿದರು, ಅದು ಸರಿಯೇ. ಬೆಳಗಾವಿಯಲ್ಲಿ ಹಳ್ಳಿಯನ್ನೇ ಘಟಕ ಮಾಡಿಕೊಂಡು ಭಾಷೆ ಎಣಿಸಿ ಎಂದರು, ಅದೂ ಕೇಳಬಹುದಾದ ಮಾತು. ಅದೇ ಹಳ್ಳಿ ಲೆಕ್ಕವನ್ನು ಜತ್ತದಲ್ಲೂ ಅಕ್ಕಲಕೋಟೆಯಲ್ಲೂ ಇಟ್ಟಾಗ ಮಾತ್ರ ಅವರಿಗೆ ನಕ್ಷೆ ಪವಿತ್ರವಾಗಿಬಿಟ್ಟಿತು.

1960ರ ಜೂನ್‌ನಲ್ಲಿ ಎರಡೂ ರಾಜ್ಯಗಳು ತಲಾ ಇಬ್ಬರಂತೆ ನಾಲ್ವರ ಸಮಿತಿ ಮಾಡಿದವು. ನಾಲ್ವರೂ ಒಂದು ಅಭಿಪ್ರಾಯಕ್ಕೆ ಬರಲಿಲ್ಲ. ಇಬ್ಬರು ಒಂದು ಬರೆದರು, ಇನ್ನಿಬ್ಬರು ಇನ್ನೊಂದು ಬರೆದರು. ಮುಂದೆ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಉಪವಾಸ ಕೂತರು, ಮಹಾರಾಷ್ಟ್ರದ ಒತ್ತಾಯ ಹೆಚ್ಚಿತು, 1966ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ಬಂತು. ಈ ಮಹಾಜನ್ 1947ರಲ್ಲಿ ರ‍್ಯಾಡ್‌ಕ್ಲಿಫ್ ಅಧ್ಯಕ್ಷತೆಯ ಪಂಜಾಬ್ ಗಡಿ ಆಯೋಗದ ಸದಸ್ಯರಾಗಿದ್ದವರು. ಅಲ್ಲಿಯೂ ನಾಲ್ವರು ನ್ಯಾಯಾಧೀಶರು, ಅಲ್ಲಿಯೂ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಕಾನೂನು ಓದಿ ತಲೆ ನರೆತವರೇ ತಮ್ಮ ತಮ್ಮ ಸಮುದಾಯದ ಗೆರೆಯಾಚೆ ಹೆಜ್ಜೆ ಇಡಲಿಲ್ಲವೆಂದ ಮೇಲೆ ಉಳಿದವರನ್ನು ದೂರಿ ಫಲವೇನು! ಪಂಜಾಬಿನಲ್ಲಿ ಕಂಡದ್ದನ್ನೇ ಅವರು ಇಲ್ಲಿಯೂ ಕಂಡಿರಬೇಕು. 1967ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಬೆಳಗಾವಿ ನಗರವನ್ನು ಮೈಸೂರು ರಾಜ್ಯದಲ್ಲೇ ಉಳಿಸಿದರು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದ 247 ಹಳ್ಳಿಗಳನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ನಮಗೆ ಕೊಡಬೇಕೆಂದರು. ಮತ್ತು 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದರು. ನಿಪ್ಪಾಣಿ, ಖಾನಾಪುರ, ನಂದಗಡ ಈ ಪಟ್ಟಿಯಲ್ಲಿವೆ.

ಈ ಕೊನೆಯ ಮಾತನ್ನು ನಮ್ಮ ಸಭೆಗಳಲ್ಲಿ ಹೇಳುವವರು ಕಡಿಮೆ. ಮಹಾಜನ ವರದಿಯೇ ಅಂತಿಮ ಎಂಬ ಘೋಷಣೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕರ್ನಾಟಕದ ಎಲ್ಲ ಪಕ್ಷಗಳ ಬಾಯಲ್ಲಿದೆ. ನಿಪ್ಪಾಣಿಯಲ್ಲಿ ನಿಂತು ಅದನ್ನು ಕೂಗಿದವರೂ ಇದ್ದಾರೆ. ಕೂಗುವವರು ಏನು ಕೇಳುತ್ತಿದ್ದಾರೆಂದು ಯೋಚಿಸಿದರೆ ನಗು ಬರುತ್ತದೆ, ಯಾಕೆಂದರೆ ಆ ವರದಿ ಅಂತಿಮವಾಗಿದ್ದರೆ ಅವರು ನಿಂತ ನೆಲವೇ ಕೊಲ್ಹಾಪುರದ ಕಡೆಗೆ ಹೋಗಬೇಕಿತ್ತು. ನಾನು ಮಹಾಜನ ವರದಿಯ ವಿರೋಧಿಯಲ್ಲ. ಇಡಿಯಾಗಿ ತೆಗೆದುಕೊಂಡರೆ ಅದು ಆ ಕಾಲಕ್ಕೆ ಸಿಕ್ಕಿದ್ದರಲ್ಲಿ ಒಳ್ಳೆಯ ರಾಜಿ, ಎರಡೂ ಕಡೆಗೂ ಸ್ವಲ್ಪ ನೋಯಿಸುವಂಥದ್ದು. ಆದರೆ ರಾಜಿಯ ಸಿಹಿ ಭಾಗವನ್ನು ನುಂಗಿ ಕಹಿಯನ್ನು ಉಗುಳಿದವನು ರಾಜಿಯನ್ನು ಒಪ್ಪಿದೆ ಎಂದು ಹೇಳಿಕೊಳ್ಳುವಂತಿಲ್ಲ. ಬೆಳಗಾವಿ ನಮ್ಮದೆಂದು ಹೇಳಲು ಮಹಾಜನರ ಹೆಸರು ಬೇಕೇ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ನಿಜವಾದ ಕಾರಣ ಬೇರೆಯೇ ಇದೆ, ಅದನ್ನು ಹೇಳಲು ನಾವು ಸಂಕೋಚಪಡುತ್ತೇವೆ. ಎಪ್ಪತ್ತು ವರ್ಷ ಒಂದು ಆಡಳಿತದಲ್ಲಿ ಬಾಳಿದ ಜನರ ಪಹಣಿ, ಪಡಿತರ, ಮೀಸಲಾತಿ, ಕಾಲುವೆ, ಕಾರ್ಖಾನೆ, ಮಕ್ಕಳ ಓದು, ನೌಕರಿ ಎಲ್ಲವೂ ಆ ಆಡಳಿತಕ್ಕೆ ಹೆಣೆದುಕೊಂಡಿವೆ. ಅದನ್ನು ಬಿಡಿಸಿದರೆ ಆಗುವ ಹಾನಿ ಬಿಡಿಸದಿದ್ದರೆ ಆಗುವ ಹಾನಿಗಿಂತ ದೊಡ್ಡದು. ಇದು ಮರ್ಯಾದೆಯ ಕಾರಣ. ಎಲ್ಲಿಂದಲೂ ಎರವಲು ತಂದದ್ದಲ್ಲ. ಇದಕ್ಕೊಂದು ಬೆಲೆಯಿದೆ ಅಷ್ಟೇ: ನಿಪ್ಪಾಣಿಗೆ ಹೇಳಿದ ಮಾತನ್ನು ಜತ್ತಕ್ಕೂ ಕಾಸರಗೋಡಿಗೂ ಹೇಳಬೇಕಾಗುತ್ತದೆ. ನಾನು ಆ ಬೆಲೆ ತೆರಲು ಸಿದ್ಧ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಬದುಕಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಯವರ ಬಗ್ಗೆ ಅಪಾರ ಗೌರವವಿಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ. ಅವರಿಗೆ ಅನ್ಯಾಯವಾಯಿತು ಎಂಬುದು ನಿಜ. ನಿಪ್ಪಾಣಿಯ ಮರಾಠಿಗನಿಗೆ ತನಗಾಗಿದೆ ಎನ್ನಿಸುವ ಅನ್ಯಾಯವೂ ಅದೇ ಜಾತಿಯದು.

ಇದಕ್ಕೆ ಮೊದಲ ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಎಳೆದಿದೆ, ಕೊಲ್ಹಾಪುರ ಸೊಲ್ಲಾಪುರಗಳ ನೆಲದಲ್ಲಿ ಕನ್ನಡ ಶಾಸನಗಳು ಸಿಕ್ಕಿವೆ, ಹಾಗಿರುವಾಗ ಸಮಾನ ಅಳತೆಯ ಮಾತೇಕೆ ಎಂದು ಕೇಳುತ್ತಾರೆ. ಶಾಸನಗಳು ಹೆಮ್ಮೆಪಡತಕ್ಕವು, ಸಂಶೋಧಕರಿಗೆ ಅನ್ನ ಕೊಡತಕ್ಕವು. ಗಡಿ ಹಾಕಲು ಮಾತ್ರ ಬಾರವು. ಕಲ್ಲು ಗಡಿ ಹಾಕುವುದಾದರೆ ಕೋಲಾರ ಸೀಮೆಯ ಚೋಳರ ಕಾಲದ ತಮಿಳು ಶಾಸನಗಳನ್ನು ಏನು ಮಾಡುವುದು? ಮರಾಠಿಯ ಬಹು ಹಳೆಯ ಶಾಸನಗಳಲ್ಲೊಂದು ಇರುವುದು ಪುಣೆಯಲ್ಲೋ ಪೈಠಣದಲ್ಲೋ ಅಲ್ಲ, ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ. ಅದನ್ನು ತೋರಿಸಿ ಹಾಸನ ಜಿಲ್ಲೆ ಕೇಳಿದವರು ಈವರೆಗೆ ಯಾರೂ ಇಲ್ಲ. ಮುಂದೆಯೂ ಯಾರಿಗೂ ಆ ಬುದ್ಧಿ ಬಾರದಿರಲಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನ್ಯಾಯವಾಗಿ ನಡೆ ಎಂಬ ಬುದ್ಧಿವಾದವನ್ನು ಲೋಕ ಯಾವಾಗಲೂ ದುರ್ಬಲನಿಗೇ ಹೇಳುತ್ತದೆ. ಎದುರಾಳಿ ಒಂದಿಂಚೂ ಬಿಡದಿರುವಾಗ ನಾವು ಮಾತ್ರ ನಿಪ್ಪಾಣಿಯ ಹೆಸರೆತ್ತಿದರೆ ಅದೇ ನಾಳೆ ಕೋರ್ಟಿನಲ್ಲಿ ನಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇರುವಾಗ ಈ ಭಯವನ್ನು ಹುಸಿ ಎನ್ನಲಾಗದು. ರಾಜಕಾರಣದಲ್ಲಿ ಸರಿಯಾಗಿರುವುದಕ್ಕೂ ಗೆಲ್ಲುವುದಕ್ಕೂ ನಡುವೆ ನಿಜವಾದ ಅಂತರವಿದೆ, ವಕೀಲನಿಗೆ ಎದುರಾಳಿಯ ಪರವಾದ ಅಂಶ ಹುಡುಕಿಕೊಡು ಎಂದು ಯಾರೂ ಹೇಳುವುದಿಲ್ಲ. ಆದರೆ ಕೋರ್ಟಿನಲ್ಲಿ ಕರ್ನಾಟಕ ಹಿಡಿದಿರುವ ವಾದವನ್ನೇ ನೋಡಿ. ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು, ಇದು ಕೋರ್ಟು ತೀರ್ಮಾನಿಸುವ ವಿಷಯವಲ್ಲ ಎಂಬುದು ಅದರ ತಿರುಳು. ಅಲ್ಲಿ ಮಹಾಜನರ ಅವಶ್ಯಕತೆಯೇ ಇಲ್ಲ. ಸಂಸತ್ತು 1956ರಲ್ಲಿ ಹಾಕಿದ ಗೆರೆ ಸಾಕು. ಅಂದರೆ ವಕೀಲರು ತಮ್ಮ ನಿಜವಾದ ಕಾರಣದ ಮೇಲೆ ನಿಂತಿದ್ದಾರೆ, ವೇದಿಕೆಯ ಭಾಷಣಕಾರರು ನಿಂತಿಲ್ಲ. ಇನ್ನು ದುರ್ಬಲನ ಮಾತು. ಮುಂಬೈಯ ಎದುರು ಬೆಂಗಳೂರು ದುರ್ಬಲ ಎನ್ನುವ ಕಾಲ ಒಂದಿತ್ತು. ನಿಪ್ಪಾಣಿಯ ಮರಾಠಿ ಕೂಲಿಕಾರನ ಎದುರು ಬೆಂಗಳೂರು ಎಂದೂ ದುರ್ಬಲವಾಗಿರಲಿಲ್ಲ, ಜತ್ತದ ಕನ್ನಡ ಕುರುಬನ ಎದುರು ಮುಂಬೈಯೂ ದುರ್ಬಲವಲ್ಲ. 2022ರ ಡಿಸೆಂಬರ್ 22ರಂದು ಬೆಳಗಾವಿಯ ಸುವರ್ಣ ಸೌಧದಲ್ಲಿ ಕರ್ನಾಟಕದ ವಿಧಾನಸಭೆ ಗಡಿ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಐದು ದಿನದ ನಂತರ 865 ಹಳ್ಳಿಗಳನ್ನು ತನ್ನವೆಂದು ಸಾರಿದ ಮಹಾರಾಷ್ಟ್ರದ ನಿರ್ಣಯವೂ ಸರ್ವಾನುಮತದ್ದೇ. ಎರಡು ಸರ್ವಾನುಮತಗಳು ಒಂದಕ್ಕೊಂದು ನೇರ ವಿರುದ್ಧ! ತಲೆ ಎಣಿಸಿ ಸತ್ಯ ಕಂಡುಹಿಡಿಯುವವರು ಈ ಐದು ದಿನಗಳನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಎಲ್ಲರೂ ಅವರವರ ಮಟ್ಟಿಗೆ ಸರಿ ಎಂದು ಕೈತೊಳೆದುಕೊಳ್ಳೋಣವೇ? ಈ ನೆಲದಲ್ಲಿ ಹಾಗೆ ಕೇಳುವವರು ಸಾಮಾನ್ಯವಾಗಿ ಜೈನರ ಅನೇಕಾಂತವನ್ನು ನೆಚ್ಚಿಕೊಳ್ಳುತ್ತಾರೆ. ಅದು ಸಹಜ, ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಯ ದೊಡ್ಡ ಹೆಸರುಗಳು ಇಲ್ಲಿಯವು. ಭೋಜದ ಶಾಂತಿಸಾಗರರು, ಕೋಥಳಿಯ ದೇಶಭೂಷಣರು, ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು, ಎಲ್ಲರೂ ಚಿಕ್ಕೋಡಿ-ಕಾಗವಾಡ ಸೀಮೆಯ ಮಣ್ಣಿನವರು. ಆದರೆ ಅನೇಕಾಂತ ಹೇಳುವುದು ಎಲ್ಲವೂ ಸರಿ ಎಂದಲ್ಲ. ಯಾವ ದೃಷ್ಟಿಯಿಂದ ನೋಡಿ ಹೇಳುತ್ತಿದ್ದೀ ಎಂಬುದನ್ನು ಮೊದಲು ಹೇಳು ಎಂದು ಅದು ಕೇಳುತ್ತದೆ. ಹಾಗೆ ಕೇಳುವುದು ಹೊಣೆ ಹೊರಿಸುವ ಕೆಲಸವೇ ಹೊರತು ಹೊಣೆಯಿಂದ ಬಿಡಿಸುವ ಕೆಲಸವಲ್ಲ. ದೃಷ್ಟಿ ಯಾವುದೆಂದು ಹೇಳಿದ ಮೇಲೆ ಮಾತು ನಿಜವೋ ಸುಳ್ಳೋ ತೂಗಿ ನೋಡಬಹುದು, ಕೆಲವು ಮಾತುಗಳು ತೂಗಿದಾಗ ಬಿದ್ದೇ ಹೋಗುತ್ತವೆ. ಕೃಷ್ಣೆಯ ನೆರೆಯನ್ನು ನೋಡಿ. 2019ರ ಆಗಸ್ಟ್‌ನಲ್ಲಿ ಸಾಂಗಲಿ, ಕೊಲ್ಹಾಪುರ ಮುಳುಗಿದಾಗ ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಕೂಗು ಅಲ್ಲಿ ಎದ್ದಿತು. ಅಣೆಕಟ್ಟಿನ ಎತ್ತರವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವುದಕ್ಕೆ ಇಂದಿಗೂ ಆಕ್ಷೇಪವಿದೆ. ಮಹಾರಾಷ್ಟ್ರವೇ ನೇಮಿಸಿದ ನಂದಕುಮಾರ ವಡ್ನೇರೆ ಸಮಿತಿ ಪರಿಶೀಲಿಸಿ ಆಲಮಟ್ಟಿ ಕಾರಣವಲ್ಲ, ಅತಿಯಾದ ಮಳೆ ಮತ್ತು ನದಿಪಾತ್ರದ ಒತ್ತುವರಿಯಂಥವು ಕಾರಣ ಎಂದಿತು. ಇಲ್ಲಿ ಇಬ್ಬರೂ ಸರಿಯಲ್ಲ. ಕೂಗಿದವರು ತಪ್ಪು, ಲೆಕ್ಕ ಹಾಕಿದವರು ಸರಿ. ಹಾಗೆಯೇ ಅದೇ ವಾರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಳೆದಂಡೆಯ ಊರುಗಳು ಮುಳುಗಿದಾಗ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಬೇಕೆಂದೇ ನೀರು ಬಿಟ್ಟರು ಎಂದು ಈಚೆ ಹೇಳಿದವರನ್ನೂ ಅದೇ ಲೆಕ್ಕದ ಮುಂದೆ ನಿಲ್ಲಿಸಬೇಕು. ಮಳೆಗಾಲದಲ್ಲಿ ಬೈದ ಕೊಯ್ನಾವನ್ನೇ ನಾವು ಬೇಸಿಗೆಯಲ್ಲಿ ನೀರು ಬಿಡಿ ಎಂದು ಕೈಮುಗಿದು ಕೇಳುತ್ತೇವೆ ಎಂಬುದು ಬೇರೆ ಮಾತು.

ವಾಸ್ತವದ ಲೆಕ್ಕದಲ್ಲಿ ಸರಿಯಾಗಿದ್ದೂ ನೀತಿಯಲ್ಲಿ ತಪ್ಪಾಗಬಹುದು. ಗಡಿವಾದ ಅಂಥ ತಪ್ಪಿಗೆ ಒಳ್ಳೆಯ ಹಾಸಿಗೆ ಹಾಸಿಕೊಡುತ್ತದೆ, ಯಾಕೆಂದರೆ ಊರು ಯಾರದು ಎಂಬ ಪ್ರಶ್ನೆ ಊರಿನೊಳಗೆ ಯಾರು ಹೇಗಿದ್ದಾರೆ ಎಂಬ ಪ್ರಶ್ನೆಯನ್ನು ನುಂಗಿಬಿಡುತ್ತದೆ. 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ದಲಿತ ವರ್ಗಗಳ ಪರಿಷತ್ತು ನಿಪ್ಪಾಣಿಯಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತ್ತು. ಮೂವತ್ತು ವರ್ಷದ ನಂತರ, ನಾಡೆಲ್ಲ ಭಾಷಾವಾರು ರಾಜ್ಯಗಳ ಹುರುಪಿನಲ್ಲಿದ್ದಾಗ, ಅವರು ಆ ರಾಜ್ಯಗಳ ಕುರಿತು ಪುಸ್ತಿಕೆ ಬರೆದು ಎಚ್ಚರಿಸಿದರು: ಒಂದು ಭಾಷೆಯ ರಾಜ್ಯದಲ್ಲಿ ಅಧಿಕಾರ ಒಂದು ದೊಡ್ಡ ಜಾತಿಯ ಕೈಗೆ ಹೋದರೆ ಸಣ್ಣ ಜಾತಿಗಳ ಗತಿಯೇನು ಎಂದು ಕೇಳಿದರು. ಹೊಲಗೇರಿ ಕರ್ನಾಟಕದಲ್ಲಿದ್ದರೂ ಮಹಾರಾಷ್ಟ್ರದಲ್ಲಿದ್ದರೂ ಊರ ಹೊರಗೇ ಇರುತ್ತದೆ ಎಂಬುದನ್ನು ಯಾವ ಗಡಿ ಆಯೋಗವೂ ಎಣಿಸಲಿಲ್ಲ. ಅದೇ ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ರೈತ ನಾಯಕ ಶರದ್ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಬೆಲೆ ಕಟ್ಟುವವರು ವಖಾರಿಯ ಧಣಿಗಳು, ಬೆಳೆದವನಿಗೆ ಮಾತಿಲ್ಲ ಎಂಬುದು ಅವರ ತಕರಾರು, ಅದು ಯಾವ ಭಾಷೆಯಲ್ಲಿ ಹೇಳಿದರೂ ಸರಿಯಾದ ತಕರಾರೇ. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1980ರ ಜುಲೈ 21ರಂದು, ನರಗುಂದ-ನವಲಗುಂದದಲ್ಲಿ ಇದೇ ರಾಜ್ಯದ ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರದ ಪೊಲೀಸರ ಗುಂಡಿಗೆ ರೈತರು ಬಲಿಯಾಗಿದ್ದರು. ನರಗುಂದ ಕನ್ನಡ ನಾಡಿನ ರೈತ ಚಳವಳಿಯ ತವರಾಯಿತು, ಪ್ರತಿ ಜುಲೈಯಲ್ಲಿ ಮಾಲೆ ಬೀಳುತ್ತದೆ, ಲೇಖನ ಬರುತ್ತದೆ. ನಿಪ್ಪಾಣಿಯ ಹೆಸರು ಆ ಲೇಖನಗಳಲ್ಲಿ ಅಪರೂಪ. ಸತ್ತವರು ನಮ್ಮ ರಾಜ್ಯದ ರೈತರೇ, ನೆಲ ನಾವು ಬಿಟ್ಟುಕೊಡಲಾರೆವೆಂದ ನೆಲವೇ. ನೆಲ ನಮ್ಮದು, ಅದರ ಮೇಲೆ ಸತ್ತವರ ನೆನಪು ನಮ್ಮದಲ್ಲ ಎನ್ನುವುದಾದರೆ ನಮ್ಮ ಹಕ್ಕುವಾದ ಎಷ್ಟು ಟೊಳ್ಳು ಎಂದು ತಿಳಿಯಲು ಬೇರೆ ಪುರಾವೆ ಬೇಡ.

ಸ್ವಂತ ಬದುಕಿನಲ್ಲಿ ಸರಿಯಾಗಿರುವುದು ಇನ್ನೂ ಬೇರೆ ತೂಕದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಜನಕ್ಕೆ ಅದು ದಿನನಿತ್ಯದ ರೂಢಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ; ದವಾಖಾನೆಗೆ ಮಿರಜ, ಕೋರ್ಟು-ಕಚೇರಿಗೆ ಬೆಳಗಾವಿ; ಹೆಣ್ಣು ಕೊಟ್ಟದ್ದು ಆಚೆ, ತಂದದ್ದು ಈಚೆ. ಜನಗಣತಿಯವನು ಮಾತೃಭಾಷೆ ಒಂದೇ ಹೇಳಿ ಎಂದಾಗ ಇವರು ಹೇಳುವ ಉತ್ತರದ ಮೇಲೆ ಎರಡು ರಾಜಧಾನಿಗಳು ಹಕ್ಕು ಕಟ್ಟುತ್ತವೆ. ಜತ್ತದ ಸುಮಾರು 40 ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದ್ದನ್ನು 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಎತ್ತಿ ಹೇಳಿದಾಗ ದೊಡ್ಡ ಗದ್ದಲವಾಯಿತು. ಆ ಹಳ್ಳಿಗಳು ಕೇಳಿದ್ದು ನೀರು. ಠರಾವು ನೀರಿಗೆ ಬರೆದ ಅರ್ಜಿ, ಅಷ್ಟೇ. ಗದ್ದಲದ ಬೆನ್ನಿಗೇ ಮಹಾರಾಷ್ಟ್ರ ಜತ್ತದ ಮ್ಹೈಸಾಳ ವಿಸ್ತರಣಾ ಯೋಜನೆಗೆ ಚುರುಕು ಮುಟ್ಟಿಸಿತು, ಅಂದರೆ ಅದಕ್ಕೂ ಅರ್ಥವಾಗಿತ್ತು. ಮುಂದಿನ ತಿಂಗಳು ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು, ಗಡಿ ದಾಟುವ ಬಸ್ಸುಗಳು ನಿಂತವು. ಕಲ್ಲು ಎಸೆದವನು ತಾನು ಸರಿ ಎಂದುಕೊಂಡೇ ಎಸೆದ. ಬಸ್ಸು ನಿಂತದ್ದು ಯಾರಿಗೆ? ಮಿರಜಿನ ಆಸ್ಪತ್ರೆಗೆ ಹೊರಟ ಕಾಗವಾಡದವನಿಗೆ, ನಿಪ್ಪಾಣಿಯಿಂದ ಕೊಲ್ಹಾಪುರದ ಕಾಲೇಜಿಗೆ ಹೋಗುವ ಹುಡುಗಿಗೆ. ನನ್ನ ಸರಿತನದ ಖರ್ಚನ್ನು ನಾನೇ ತೆತ್ತರೆ ಅದು ನಿಷ್ಠೆ, ಬೇರೆಯವರಿಂದ ತೆರಿಸಿದರೆ ದರ್ಪ.

ಕೊನೆಗೆ ಶಾಲೆಯ ಮಾತು, ಯಾಕೆಂದರೆ ಅಳತೆಯ ಪರೀಕ್ಷೆ ಅಲ್ಲಿ ತುಂಬ ಸುಲಭ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ನಾವು ಇಲ್ಲಿಂದ ಬೆಂಬಲಿಸಿದೆವು. ಕನ್ನಡ ಬಾರದ ಶಿಕ್ಷಕರನ್ನು ಅಲ್ಲಿನ ಕನ್ನಡ ಶಾಲೆಗಳಿಗೆ ನೇಮಿಸಿದಾಗ ಸಿಟ್ಟಾದೆವು. ಎರಡು ವರ್ಷ ಮೊದಲು, 2015ರಲ್ಲಿ, ನಾವೇ ಕನ್ನಡ ಕಲಿಕೆಯ ಕಾನೂನು ಮಾಡಿ ನಮ್ಮ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡಿದ್ದೆವು. ರಾಜ್ಯದ ಭಾಷೆ ಕಲಿತರೆ ಮಗುವಿಗೇ ಲಾಭ, ನೌಕರಿಗೆ ದಾರಿ ಎಂಬುದು ಒಪ್ಪತಕ್ಕ ವಾದ, ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಕಾಸರಗೋಡಿನ ಮಗುವಿಗೂ ಅದು ಅನ್ವಯಿಸುತ್ತದೆ ಎಂದು ಹೇಳುವ ಎದೆಗಾರಿಕೆ ಬೇಕು. ಇಲ್ಲ, ಅಲ್ಪಸಂಖ್ಯಾತ ಮಗುವಿನ ತಾಯ್ನುಡಿಯೇ ಮೊದಲು ಎನ್ನುವುದಾದರೆ ಸಂವಿಧಾನದ 350-ಎ ವಿಧಿ ಹೇಳುವುದೂ ಅದನ್ನೇ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಎಂದು. ಅದನ್ನು ನಿಪ್ಪಾಣಿಯಿಂದಲೇ ಶುರು ಮಾಡಬೇಕು. ಮುಂದಿನ ಚಳಿಗಾಲದ ಅಧಿವೇಶನದಲ್ಲಿ ಸುವರ್ಣ ಸೌಧ ಗಡಿಯ ಕುರಿತು ಇನ್ನೊಂದು ಸರ್ವಾನುಮತದ ನಿರ್ಣಯ ಮಾಡುವುದಾದರೆ ಅದರಲ್ಲಿ ಒಂದಿಂಚೂ ನೆಲ ಬಿಡೆವು ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಇರಲಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸರ್ಕಾರಿ ಮರಾಠಿ ಶಾಲೆಗಳಲ್ಲಿ ಖಾಲಿಯಿರುವ ಮರಾಠಿ ಬಲ್ಲ ಶಿಕ್ಷಕರ ಹುದ್ದೆಗಳನ್ನೆಲ್ಲ ಈ ವರ್ಷವೇ ತುಂಬುತ್ತೇವೆ ಎಂದು. ಆಮೇಲೆ ಜತ್ತದ, ಅಕ್ಕಲಕೋಟೆಯ, ಕಾಸರಗೋಡಿನ ಕನ್ನಡ ಶಾಲೆಗಳ ಪರವಾಗಿ ಮುಂಬೈಗೂ ತಿರುವನಂತಪುರಕ್ಕೂ ಪತ್ರ ಬರೆಯೋಣ.